ಬಡ್ಡಿ ದರ ಪ್ರಕಟವಾಗುವ ವಾರ ಷೇರು ಇಟ್ಟುಕೊಂಡವರು ಏನು ಮಾಡಬೇಕು? ಮೈಸೂರು–ಮಂಡ್ಯದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಆರ್‌ಬಿಐ ಬಡ್ಡಿ ದರ ಪ್ರಕಟಿಸುವ ವಾರ ಬಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡೇ ಪ್ರಶ್ನೆ. ಇಳಿಸ್ತಾರಾ, ಇಲ್ವಾ? ಇರೋ ಷೇರು ಮಾರಬೇಕಾ, ಇಟ್ಕೋಬೇಕಾ? ಕುವೆಂಪುನಗರದ ನಿವೃತ್ತ ಮೇಷ್ಟ್ರೂ ಕೇಳುತ್ತಾರೆ, ಹೂಟಗಳ್ಳಿಯಲ್ಲಿ ಶಿಫ್ಟ್ ಮುಗಿಸಿ ಬಂದ ಹುಡುಗನೂ ಕೇಳುತ್ತಾನೆ, ಮದ್ದೂರಿನ ಕಬ್ಬು ಬೆಳೆಗಾರರೂ ಕೇಳುತ್ತಾರೆ.

ಮೊದಲ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತವರ ಹತ್ತಿರವೂ ಇಲ್ಲ. ಎರಡನೆಯದಕ್ಕೆ ಉತ್ತರ ಇದೆ. ಆದರೆ ಅದಕ್ಕೂ ಮೊದಲ ಪ್ರಶ್ನೆಗೂ ಅಷ್ಟಾಗಿ ಸಂಬಂಧ ಇಲ್ಲ. ನಿಮಗೆ ದುಡ್ಡು ಯಾವಾಗ ಬೇಕು, ಸಾಲ ಎಷ್ಟಿದೆ, ಕೈಲಿರುವ ಷೇರು ಯಾವ ಬಗೆಯವು ಅನ್ನೋದನ್ನು ನೋಡಿ ಅದನ್ನು ತೀರ್ಮಾನಿಸಬೇಕು. ಆ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಮಾಡೋದು ಅಂತ ಇಲ್ಲಿ ಬರೆದಿದ್ದೇನೆ. ಕೆಲವು ಕಂಪನಿಗಳ ಹೆಸರು ಬರುತ್ತವೆ. ಅವು ಉದಾಹರಣೆಗೆ ಮಾತ್ರ, ಕೊಳ್ಳಿ ಅಂತಲೂ ಅಲ್ಲ, ಮಾರಿ ಅಂತಲೂ ಅಲ್ಲ.

ಹೆಜ್ಜೆ 1: ಯಾರು, ಯಾವಾಗ, ಏನು ಹೇಳುತ್ತಾರೆ ತಿಳಿದುಕೊಳ್ಳಿ

ನಮ್ಮ ನೋಟು ಮೈಸೂರಿನಲ್ಲೇ ಅಚ್ಚಾಗುತ್ತದೆ. ಆರ್‌ಬಿಐನ ಅಂಗಸಂಸ್ಥೆಯ ಮುದ್ರಣಾಲಯ ಇಲ್ಲೇ ಇದೆ. ಆದರೆ ಆ ನೋಟನ್ನು ಸಾಲ ಪಡೆದರೆ ಎಷ್ಟು ಬಡ್ಡಿ ಅನ್ನೋದು ಮುಂಬೈಯಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನಿಸುವುದು ಆರು ಜನರ ಹಣಕಾಸು ನೀತಿ ಸಮಿತಿ. 2016ರಲ್ಲಿ ಶುರುವಾಯಿತು. ಮೂವರು ಆರ್‌ಬಿಐನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದ ಹೊರಗಿನವರು. ಮತ ಸಮವಾಗಿ ಬಿದ್ದರೆ ಗವರ್ನರ್ ಇನ್ನೊಂದು ಮತ ಹಾಕುತ್ತಾರೆ. ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ ಇಡುವುದು ಇವರ ಕೆಲಸ. ಶೇ 2ಕ್ಕಿಂತ ಕೆಳಗೆ ಹೋಗಬಾರದು, ಶೇ 6 ದಾಟಬಾರದು.

ಸಮಿತಿ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಮೂರು ದಿನ ಸೇರುತ್ತದೆ. ಮೂರನೇ ದಿನ ಬೆಳಿಗ್ಗೆ 10 ಗಂಟೆಗೆ ಗವರ್ನರ್ ಮಾತಾಡುತ್ತಾರೆ. ಆರ್‌ಬಿಐನ ಯೂಟ್ಯೂಬ್ ವಾಹಿನಿಯಲ್ಲಿ ನೇರ ಪ್ರಸಾರ ಇರುತ್ತದೆ. ಮಧ್ಯಾಹ್ನ 12ರ ಹೊತ್ತಿಗೆ ಪತ್ರಿಕಾಗೋಷ್ಠಿ. ಇಡೀ ಹಣಕಾಸು ವರ್ಷದ ಸಭೆಗಳ ದಿನಾಂಕವನ್ನು ಆರ್‌ಬಿಐ ಮುಂಚೆಯೇ ಪ್ರಕಟಿಸುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆ ಪಕ್ಕದಲ್ಲಿ ಆ ಆರು ದಿನಗಳನ್ನೂ ಗುರುತು ಹಾಕಿಕೊಳ್ಳಿ.

ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ವರ್ಷಕ್ಕೆ ಎಂಟು ಸಲ ಸೇರುತ್ತದೆ. ಅದರ ನಿರ್ಧಾರ ಬರುವಾಗ ನಮಗೆ ರಾತ್ರಿ 11.30, ಅಲ್ಲಿ ಚಳಿಗಾಲವಾದರೆ 12.30. ಅದಕ್ಕೆ ನಮ್ಮ ಪೇಟೆ ಉತ್ತರ ಕೊಡೋದು ಮಾರನೇ ಬೆಳಿಗ್ಗೆ 9.15ಕ್ಕೆ. ಮಧ್ಯರಾತ್ರಿ ಎದ್ದು ಕೂರುವುದರಿಂದ ನಿದ್ದೆ ಕೆಡುತ್ತದೆ ಅಷ್ಟೇ, ಆ ಹೊತ್ತಿನಲ್ಲಿ ಇಲ್ಲಿ ಏನನ್ನೂ ಮಾರೋಕೆ ಆಗಲ್ಲ.

ಹೆಜ್ಜೆ 2: ಪೇಟೆ ಈಗಾಗಲೇ ಏನನ್ನು ನಂಬಿದೆ ನೋಡಿ

‘ಬಡ್ಡಿ ಇಳಿದರೆ ಷೇರು ಏರುತ್ತೆ, ಬಡ್ಡಿ ಏರಿದರೆ ಷೇರು ಇಳಿಯುತ್ತೆ ಅಲ್ವಾ ಅಣ್ಣ?’ ಎಲ್ಲರೂ ಹೀಗೇ ಕೇಳುತ್ತಾರೆ. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಆ ದಿನ ಪೇಟೆಯಲ್ಲಿ ಏನಾಯಿತು ಅಂತ ನೋಡಿದರೆ ಬೇರೆಯೇ ಚಿತ್ರ.

2022ರ ಮೇ 4. ಸಭೆಯ ವೇಳಾಪಟ್ಟಿಯೇ ಇರಲಿಲ್ಲ. ಮಧ್ಯಾಹ್ನ ದಿಢೀರಂತ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ರೆಪೊ ದರವನ್ನು, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರವನ್ನು, ಶೇ 4ರಿಂದ 4.40ಕ್ಕೆ ಏರಿಸಿದರು. ಸೆನ್ಸೆಕ್ಸ್ ಅವತ್ತು 1,306 ಅಂಶ ಬಿತ್ತು, ಅಂದರೆ ಶೇ 2.29.

ಅದೇ ವರ್ಷ ಸೆಪ್ಟೆಂಬರ್ 30. ಈ ಸಲ ಏರಿಕೆ ಇನ್ನೂ ದೊಡ್ಡದು, ಶೇ 0.50. ರೆಪೊ ಶೇ 5.90 ಆಯಿತು. ಸೆನ್ಸೆಕ್ಸ್ ಬೀಳಬೇಕಿತ್ತು. ಅದು 1,016 ಅಂಶ ಏರಿತು!

2025ರ ಫೆಬ್ರುವರಿ 7. ಸುಮಾರು ಐದು ವರ್ಷದಲ್ಲಿ ಮೊದಲ ಸಲ ಬಡ್ಡಿ ಇಳಿಯಿತು, ಶೇ 6.50ರಿಂದ 6.25ಕ್ಕೆ. ಹಬ್ಬ ಮಾಡಬೇಕಿತ್ತು. ಸೆನ್ಸೆಕ್ಸ್ 197 ಅಂಶ ಕಳೆದುಕೊಂಡಿತು. ಏಪ್ರಿಲ್ 9ರಂದು ಮತ್ತೆ ಇಳಿಸಿದರು. ಅವತ್ತೂ 379 ಅಂಶ ಕುಸಿತ, ಯಾಕೆಂದರೆ ಅಮೆರಿಕದ ಸುಂಕದ ಗದ್ದಲದ ಮುಂದೆ ನಮ್ಮ ರೆಪೊ ಯಾರಿಗೂ ಕಾಣಿಸಲಿಲ್ಲ. ಆಮೇಲೆ ಜೂನ್ 6. ಹೆಚ್ಚಿನವರು ಶೇ 0.25 ಇಳಿಯಬಹುದು ಅಂದುಕೊಂಡಿದ್ದರು. ಗವರ್ನರ್ ಸಂಜಯ್ ಮಲ್ಹೋತ್ರಾ ಶೇ 0.50 ಇಳಿಸಿದರು, ಜೊತೆಗೆ ಬ್ಯಾಂಕುಗಳು ಆರ್‌ಬಿಐನಲ್ಲಿ ಇಡಬೇಕಾದ ನಗದು ಮೀಸಲು ಅನುಪಾತವನ್ನೂ ಶೇ 4ರಿಂದ 3ಕ್ಕೆ ಹಂತ ಹಂತವಾಗಿ ಇಳಿಸುವುದಾಗಿ ಹೇಳಿದರು. ಅವತ್ತು ಸೆನ್ಸೆಕ್ಸ್ 746 ಅಂಶ ಏರಿತು.

ಐದು ದಿನಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ದರ ಏರಿತಾ ಇಳಿಯಿತಾ ಅನ್ನೋದರಿಂದ ಏನೂ ಗೊತ್ತಾಗಲ್ಲ. ಪೇಟೆ ಏನು ನಿರೀಕ್ಷೆ ಮಾಡಿತ್ತು, ಸಿಕ್ಕಿದ್ದು ಏನು, ಇವೆರಡರ ನಡುವಿನ ವ್ಯತ್ಯಾಸ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಹಾಗಾಗಿ ‘ಇಳಿಸ್ತಾರಾ’ ಅಂತ ತಲೆ ಕೆಡಿಸಿಕೊಳ್ಳೋ ಬದಲು ‘ಇಳಿಸ್ತಾರೆ ಅಂತ ಎಷ್ಟು ಜನ ಈಗಲೇ ನಂಬಿದ್ದಾರೆ’ ಅಂತ ಹುಡುಕಿ.

ಇದನ್ನು ನೋಡೋಕೆ ಮೂರು ಜಾಗ ಸಾಕು. ಒಂದು, ಸಭೆಗೆ ಮುಂಚಿನ ವಾರ ಪತ್ರಿಕೆಗಳಲ್ಲಿ ಬರುವ ಅರ್ಥಶಾಸ್ತ್ರಜ್ಞರ ಸಮೀಕ್ಷೆ. ಹತ್ತರಲ್ಲಿ ಒಂಬತ್ತು ಜನ ಒಂದೇ ಮಾತು ಹೇಳಿದರೆ ಅದು ಬೆಲೆಯೊಳಗೆ ಸೇರಿಕೊಂಡಾಗಿದೆ ಅಂತಲೇ ತಿಳಿಯಿರಿ. ಅರ್ಧ ಹೀಗೆ ಅರ್ಧ ಹಾಗೆ ಅಂತ ಇದ್ದರೆ ಅವತ್ತು ಕುಲುಕಾಟ ಜಾಸ್ತಿ ಇರುತ್ತದೆ. ಎರಡು, ಸರ್ಕಾರದ 10 ವರ್ಷದ ಬಾಂಡಿನ (ಸಾಲಪತ್ರದ) ಇಳುವರಿ, ಅಂದರೆ ಅದನ್ನು ಇವತ್ತಿನ ಬೆಲೆಗೆ ಕೊಂಡರೆ ಸಿಗುವ ಬಡ್ಡಿ. ಅದು ವಾರವಿಡೀ ಇಳಿಯುತ್ತಾ ಬಂದಿದ್ದರೆ ಬಾಂಡ್ ಪೇಟೆಯವರು ಕಡಿತಕ್ಕೆ ಸಿದ್ಧರಾಗಿದ್ದಾರೆ. ಷೇರಿನವರಿಗಿಂತ ಇವರ ಅಂದಾಜನ್ನೇ ನಾನು ಜಾಸ್ತಿ ನಂಬುತ್ತೇನೆ.

ಮೂರನೆಯದು ಇಂಡಿಯಾ ವಿಐಎಕ್ಸ್ ಅನ್ನೋ ಏರಿಳಿತದ ಸೂಚ್ಯಂಕ. ಎನ್‌ಎಸ್‌ಇ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇದು ಪೇಟೆ ಏರುತ್ತದೋ ಇಳಿಯುತ್ತದೋ ಹೇಳಲ್ಲ, ಎಷ್ಟು ಅಲುಗಾಡಬಹುದು ಅನ್ನೋದನ್ನಷ್ಟೇ ಹೇಳುತ್ತದೆ. ವಿಐಎಕ್ಸ್ 15 ಇದೆ ಅಂದುಕೊಳ್ಳಿ. ಅದು ವರ್ಷದ ಲೆಕ್ಕ. ತಿಂಗಳಿಗೆ ಬೇಕಾದರೆ 12ರ ವರ್ಗಮೂಲದಿಂದ, ಅಂದರೆ ಸುಮಾರು 3.46ರಿಂದ ಭಾಗಿಸಿ. ಶೇ 4.3 ಬರುತ್ತದೆ. ಮುಂದಿನ 30 ದಿನದಲ್ಲಿ ನಿಫ್ಟಿ ಮೇಲಕ್ಕೋ ಕೆಳಕ್ಕೋ ಅಷ್ಟರೊಳಗೆ ಇರಬಹುದು, ಮೂರರಲ್ಲಿ ಎರಡು ಪಾಲು ಸಂಭವ ಅಂತ ಆಪ್ಷನ್ ಪೇಟೆಯ (ಮುಂದಿನ ದಿನಾಂಕಕ್ಕೆ ಇಂತಿಷ್ಟು ಬೆಲೆಗೆ ಕೊಳ್ಳುವ, ಮಾರುವ ಹಕ್ಕನ್ನು ವ್ಯಾಪಾರ ಮಾಡುವ ಪೇಟೆ) ಅಂದಾಜು. ನಿಮ್ಮ ಹತ್ತಿರ 5 ಲಕ್ಷ ರೂಪಾಯಿಯ ಷೇರು ಇದ್ದರೆ ಅದು ಸುಮಾರು 21,500 ರೂಪಾಯಿ. ಮೇ 2022ರಂಥ ಒಂದೇ ಒಂದು ಕೆಟ್ಟ ದಿನ ಬಂದರೆ 11,450 ರೂಪಾಯಿ. ಈ ಎರಡು ಮೊತ್ತ ಕಾಗದದ ಮೇಲೆ ಬರೆದು ನೋಡಿ. ‘ಇಷ್ಟು ಹೋದರೂ ಊಟ ಸೇರುತ್ತೆ’ ಅನ್ನಿಸಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಸೇರಲ್ಲ ಅನ್ನಿಸಿದರೆ ನಿಮ್ಮ ತೊಂದರೆಗೆ ಕಾರಣ ಆರ್‌ಬಿಐ ಅಲ್ಲ, ನಿಮ್ಮ ಶಕ್ತಿಗೆ ಮೀರಿ ಷೇರು ಇದೆ ಅಷ್ಟೇ.

ಹೆಜ್ಜೆ 3: ಷೇರು ಇರುವ ಡಿಮ್ಯಾಟ್ ಖಾತೆ ನೋಡುವ ಮುಂಚೆ ಸಾಲದ ಕಾಗದ ತೆಗೆಯಿರಿ

ಇದನ್ನು ಯಾರೂ ಹೇಳಲ್ಲ. ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ರೆಪೊ ನಿರ್ಧಾರ ತಟ್ಟುವುದು ಷೇರಿನ ಮೂಲಕ ಅಲ್ಲ, ಮನೆ ಸಾಲ ಮತ್ತು ಎಫ್‌ಡಿ ಮೂಲಕ. 50 ಸಾವಿರದ ಷೇರು ಇಟ್ಟುಕೊಂಡು 30 ಲಕ್ಷದ ಸಾಲ ತೀರಿಸುತ್ತಿರುವವರು ದಿನವಿಡೀ ಬ್ಯಾಂಕ್ ನಿಫ್ಟಿ (ಬ್ಯಾಂಕ್ ಷೇರುಗಳ ಸೂಚ್ಯಂಕ) ನೋಡುತ್ತಾ ಕೂರುವುದು ನನಗೆ ಸೋಜಿಗ.

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಹೊಸ ಮನೆ ಸಾಲಗಳೆಲ್ಲ ರೆಪೊದಂಥ ಹೊರಗಿನ ಮಾನದಂಡಕ್ಕೆ ಅಂಟಿಕೊಂಡಿರಬೇಕು. ಮೂರು ತಿಂಗಳಿಗೆ ಒಮ್ಮೆಯಾದರೂ ದರ ಪರಿಷ್ಕರಣೆ ಆಗಲೇಬೇಕು. 30 ಲಕ್ಷ, 20 ವರ್ಷ, ಶೇ 9 ಬಡ್ಡಿ ಅಂದರೆ ಇಎಂಐ ಸುಮಾರು 26,992 ರೂಪಾಯಿ. ಬಡ್ಡಿ ಶೇ 8.75ಕ್ಕೆ ಬಂದರೆ 26,511. ತಿಂಗಳಿಗೆ ಉಳಿತಾಯ 480 ರೂಪಾಯಿಯಷ್ಟೇ. ಆದರೆ ಇಎಂಐ ಇಳಿಸದೆ ಹಳೆಯದನ್ನೇ ಕಟ್ಟುತ್ತಾ ಹೋದರೆ ಸಾಲ ಸುಮಾರು 11 ತಿಂಗಳು ಬೇಗ ಮುಗಿಯುತ್ತದೆ. 11 ತಿಂಗಳ ಇಎಂಐ ಅಂದರೆ ಹತ್ತಿರ ಹತ್ತಿರ 3 ಲಕ್ಷ. ಯಾವ ಷೇರು ಟಿಪ್ಪಿಗೂ ಇಷ್ಟು ಖಾತರಿ ಇರಲ್ಲ.

ನಿಮ್ಮ ಸಾಲ 2019ಕ್ಕಿಂತ ಹಳೆಯದಾದರೆ ಅದು ಬ್ಯಾಂಕುಗಳೇ ತಮ್ಮ ವೆಚ್ಚ ನೋಡಿ ಹಾಕುವ ಎಂಸಿಎಲ್‌ಆರ್ ಅಥವಾ ಅದಕ್ಕೂ ಹಳೆಯ ಬೇಸ್ ರೇಟ್ ಲೆಕ್ಕದಲ್ಲೇ ಉಳಿದಿರಬಹುದು. ಶಾಖೆಗೆ ಹೋಗಿ ‘ನಮ್ಮ ಲೋನು ಯಾವುದಕ್ಕೆ ಲಿಂಕ್ ಆಗಿದೆ ಸರ್?’ ಅಂತ ಕೇಳಿ. ಬದಲಾಯಿಸೋಕೆ ಶುಲ್ಕ ಎಷ್ಟು ಅಂತಲೂ ಕೇಳಿ. ಗೃಹ ಸಾಲದ ಹಣಕಾಸು ಕಂಪನಿಗಳಿಂದ ಸಾಲ ಪಡೆದಿದ್ದರೆ ಈ ರೆಪೊ ನಿಯಮ ಅವರಿಗೆ ಅನ್ವಯಿಸಲ್ಲ. ಅವರು ತಮ್ಮದೇ ದರ ಇಟ್ಟುಕೊಂಡಿರುತ್ತಾರೆ. ಸೊಸೈಟಿಯ ಬೆಳೆ ಸಾಲಕ್ಕೂ ರೆಪೊಗೂ ನೇರ ಸಂಬಂಧ ಇಲ್ಲ, ಅಲ್ಲಿನ ಬಡ್ಡಿ ಸರ್ಕಾರದ ನೆರವಿನ ಮೇಲೆ ನಿಂತಿದೆ.

ಪಿಂಚಣಿದಾರರಿಗೆ ಲೆಕ್ಕ ಉಲ್ಟಾ. ಬಡ್ಡಿ ಇಳಿದರೆ ಹೊಸ ಎಫ್‌ಡಿ ದರ ಇಳಿಯುತ್ತದೆ. ಈಗಾಗಲೇ ಇಟ್ಟ ಎಫ್‌ಡಿಗೆ ಅವಧಿ ಮುಗಿಯುವ ತನಕ ಏನೂ ಆಗಲ್ಲ. ಕಡಿತದ ನಿರೀಕ್ಷೆ ಇರುವ ವಾರದಲ್ಲೇ ನಿಮ್ಮ ಠೇವಣಿ ಮುಗಿಯುತ್ತಿದ್ದರೆ ‘ಪಾಲಿಸಿ (ಆರ್‌ಬಿಐ ನೀತಿ ಪ್ರಕಟಣೆ) ಆಗಲಿ ನೋಡೋಣ’ ಅಂತ ಉಳಿತಾಯ ಖಾತೆಯಲ್ಲಿ ಬಿಡಬೇಡಿ, ಸಭೆಗೆ ಮುಂಚೆಯೇ ಇಟ್ಟುಬಿಡಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದ ತನಕ ಮಾತ್ರ ವಿಮೆ ಅನ್ನೋದೂ ನೆನಪಿರಲಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ದರ ಮಾತ್ರ ಬೇರೆ. ಅದನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಹೇಳುತ್ತದೆ, ಆರ್‌ಬಿಐ ಅಲ್ಲ.

ಇನ್ನೊಂದು ಮಾತು. ಕೆಆರ್‌ಎಸ್‌ನಲ್ಲಿ ನಾಲೆಗೆ ನೀರು ಬಿಟ್ಟ ದಿನವೇ ಮಳವಳ್ಳಿಯ ಕೊನೆ ಭಾಗದ ಗದ್ದೆ ತುಂಬಲ್ಲ. ಬಡ್ಡಿ ಇಳಿಕೆಯೂ ಹಾಗೆ, ಮುಂಬೈಯಿಂದ ಹೊರಟು ನಿಮ್ಮ ಪಾಸ್‌ಬುಕ್ ಮುಟ್ಟೋಕೆ ತಿಂಗಳುಗಳು ಬೇಕು.

ಹೆಜ್ಜೆ 4: ದುಡ್ಡನ್ನು ದಿನಾಂಕದ ಪ್ರಕಾರ ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಒಂದು ವರ್ಷದಲ್ಲಿ ಬರಲಿರುವ ದೊಡ್ಡ ಖರ್ಚು ಬರೆಯಿರಿ. ಜೂನ್‌ನಲ್ಲಿ ಮಕ್ಕಳ ಶಾಲಾ ಫೀಸು, ಮನೆಗೆ ಮೇಲಂತಸ್ತು, ಮಗಳ ಮದುವೆಗೆ ಛತ್ರದ ಮುಂಗಡ, ಬೋರ್‌ವೆಲ್ ಮೋಟರು. ಇವುಗಳ ದುಡ್ಡು ಷೇರಿನಲ್ಲಿ ಇದ್ದರೆ ಸಭೆ ಇರಲಿ ಬಿಡಲಿ, ತೆಗೆಯಿರಿ. ಇದು ಹೆದರಿ ಮಾರುವುದಲ್ಲ. ಆ ದುಡ್ಡು ಅಲ್ಲಿ ಇರಲೇಬಾರದಿತ್ತು.

ಐದಾರು ವರ್ಷ ಬೇಡದ ದುಡ್ಡಾದರೆ, ಒಂದು ಸಭೆಗಾಗಿ ಅಲುಗಾಡಿಸಬೇಡಿ. ಯಾಕೆ ಅಂದರೆ ಮಾರಿ ಮತ್ತೆ ಕೊಳ್ಳೋದು ಪುಕ್ಕಟೆ ಅಲ್ಲ. ಕೊಂಡು ಒಂದು ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ 20 ತೆರಿಗೆ. ವರ್ಷ ದಾಟಿದ್ದರೆ ಆರ್ಥಿಕ ವರ್ಷಕ್ಕೆ 1.25 ಲಕ್ಷದ ತನಕ ಲಾಭಕ್ಕೆ ಇಲ್ಲ, ಅದರ ಮೇಲೆ ಶೇ 12.5. 2024ರ ಜುಲೈ 23ರಿಂದ ಬಂದ ಲೆಕ್ಕ ಇದು. ಹತ್ತು ತಿಂಗಳ ಹಿಂದೆ ಕೊಂಡ ಷೇರಿನಲ್ಲಿ 50 ಸಾವಿರ ಲಾಭ ಇದೆ, ಹೆದರಿ ಮಾರಿದಿರಿ ಅಂದುಕೊಳ್ಳಿ. 10 ಸಾವಿರ ತೆರಿಗೆ, ಮೇಲೆ ಸೆಸ್ಸು, ಬ್ರೋಕರೇಜು. ಪೇಟೆ ಅಷ್ಟು ಬಿದ್ದರೆ ಮಾತ್ರ ನಿಮಗೆ ಗಿಟ್ಟುತ್ತದೆ. ಅದೂ ಬಿದ್ದ ಮೇಲೆ ಮತ್ತೆ ಕೊಳ್ಳುವ ಧೈರ್ಯ ಬಂದರೆ!

ಮಂಡ್ಯದ ಕಡೆ ಒಂದು ವಿಶೇಷ ತೊಡಕಿದೆ. ಕಬ್ಬಿನ ದುಡ್ಡು ತಿಂಗಳ ಸಂಬಳದಂತೆ ಬರಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾಯೋ ಪಾಡು ಬೆಳೆಗಾರರಿಗೇ ಗೊತ್ತು. ಕೊನೆಗೆ ಬಂದಾಗ ಒಟ್ಟಿಗೆ ಬರುತ್ತದೆ. 3 ಲಕ್ಷ ಕೈಗೆ ಬಂತು, ಎರಡು ದಿನಕ್ಕೆ ಪಾಲಿಸಿ, ಮಗ ‘ಅಪ್ಪಾ, ಈಗಲೇ ಹಾಕಿಬಿಡೋಣ’ ಅಂತಾನೆ. ಆಗ ಏನು ಮಾಡಬೇಕು?

ಮೊದಲು ಮುಂದಿನ ನಾಟಿಯ ಖರ್ಚು, ಗೊಬ್ಬರ, ಕೂಲಿ ಬೇರೆ ಮಾಡಿ. ಕೈಸಾಲ ಇದ್ದರೆ ತೀರಿಸಿ, ಅದರ ಬಡ್ಡಿ ಮೀರಿಸೋ ಷೇರು ಸಿಗೋದು ಕಷ್ಟ. ಉಳಿದದ್ದು ಒಂದೂವರೆ ಲಕ್ಷ ಅಂತಿಟ್ಟುಕೊಳ್ಳಿ. ಅದನ್ನು ಲಿಕ್ವಿಡ್ ಫಂಡ್‌ನಲ್ಲಿ (ಅಲ್ಪಾವಧಿ ಸಾಲಪತ್ರಗಳ ಫಂಡ್) ಇಟ್ಟು ತಿಂಗಳಿಗೆ 25 ಸಾವಿರದಂತೆ ಆರು ತಿಂಗಳು ಇಂಡೆಕ್ಸ್ ಫಂಡಿಗೆ (ನಿಫ್ಟಿಯಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಫಂಡ್) ಹೋಗುವ ಹಾಗೆ ಮಾಡಿ. ಮ್ಯೂಚುವಲ್ ಫಂಡ್‌ನವರು ಇದಕ್ಕೆ ಎಸ್‌ಟಿಪಿ ಅಂತಾರೆ. ಆರು ತಿಂಗಳಲ್ಲಿ ಸಾಮಾನ್ಯವಾಗಿ ಮೂರು ಸಭೆಗಳು ಬಂದು ಹೋಗುತ್ತವೆ. ಯಾವುದರ ಫಲಿತಾಂಶವನ್ನೂ ನೀವು ಊಹಿಸಬೇಕಾಗಿಲ್ಲ.

ಎಸ್‌ಐಪಿ, ಅಂದರೆ ಫಂಡಿಗೆ ತಿಂಗಳ ಕಂತು, ಇದ್ದರೆ ನಿಲ್ಲಿಸಬೇಡಿ. ಅಷ್ಟೇ, ಇದರಲ್ಲಿ ಮತ್ತೇನೂ ಹೇಳೋದಿಲ್ಲ.

ಹೆಜ್ಜೆ 5: ನಿಮ್ಮ ಷೇರುಗಳಲ್ಲಿ ಬಡ್ಡಿಗೆ ಅಲುಗಾಡುವವು ಯಾವುವು?

ಪ್ರತಿ ಷೇರಿನ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಬಡ್ಡಿ ಬದಲಾದರೆ ಈ ಕಂಪನಿಯ ಗಿರಾಕಿಗೆ ಏನಾಗುತ್ತದೆ, ಕಂಪನಿಯ ಸಾಲಕ್ಕೆ ಏನಾಗುತ್ತದೆ?

ದೂರ ಹೋಗೋದು ಬೇಡ. ಕಡಕೊಳದ ಹತ್ತಿರ ಟಿವಿಎಸ್ ದ್ವಿಚಕ್ರ ವಾಹನದ ಕಾರ್ಖಾನೆ ಇದೆ. ಬೈಕನ್ನು ಸಾಲದಲ್ಲಿ ಕೊಳ್ಳುವವರು ಬಹಳ, ಹಾಗಾಗಿ ಬಡ್ಡಿ ಇಳಿದರೆ ಗಿರಾಕಿಗೆ ಕಂತು ಹಗುರ. ಹೂಟಗಳ್ಳಿಯ ಆಟೋಮೋಟಿವ್ ಆ್ಯಕ್ಸಲ್ಸ್ ಲಾರಿಗಳಿಗೆ ಆ್ಯಕ್ಸಲ್ ಮಾಡುತ್ತದೆ. ಲಾರಿ ಮಾರಾಟ ಸಾಲದ ಮೇಲೆ, ಸರಕು ಸಾಗಣೆಯ ಮೇಲೆ ನಿಂತಿದೆ, ಅಂದರೆ ಬಡ್ಡಿಯ ಪರಿಣಾಮ ಒಂದು ಸುತ್ತು ಹಾಕಿ ಬರುತ್ತದೆ. ಹೆಬ್ಬಾಳದಲ್ಲಿ ದೊಡ್ಡ ಕ್ಯಾಂಪಸ್ ಇರುವ ಇನ್ಫೊಸಿಸ್‌ಗೆ ಗಿರಾಕಿಗಳು ಅಮೆರಿಕ, ಯುರೋಪಿನವರು. ಆರ್‌ಬಿಐ ರೆಪೊಗಿಂತ ಫೆಡ್ ನಿರ್ಧಾರ ಮತ್ತು ಡಾಲರ್ ಬೆಲೆ ಅದಕ್ಕೆ ಮುಖ್ಯ. ಐಟಿಯವರು ತಮ್ಮ ಕಂಪನಿಯ ಷೇರನ್ನೇ ಗಂಟು ಕಟ್ಟಿಕೊಂಡಿದ್ದರೆ ಸಂಬಳವೂ ಉಳಿತಾಯವೂ ಒಂದೇ ಕಡೆ ಇದೆ ಅಂತ ಅರ್ಥ. ಈ ವಾರ ಅಲ್ಲದಿದ್ದರೂ ಯಾವತ್ತಾದರೂ ಯೋಚಿಸಬೇಕಾದ ವಿಷಯ ಅದು.

ಬ್ಯಾಂಕಿನ ಷೇರಿನಲ್ಲಿ ಬಹಳ ಜನ ಎಡವುತ್ತಾರೆ. ಬಡ್ಡಿ ಇಳಿದರೆ ಬ್ಯಾಂಕಿಗೆ ಒಳ್ಳೆಯದು ಅಂತ ಅಂದುಕೊಳ್ಳುತ್ತಾರೆ. ನಿಜ ಏನು? ರೆಪೊಗೆ ಅಂಟಿಕೊಂಡ ಸಾಲದ ಮೇಲಿನ ಬಡ್ಡಿ ಬೇಗ ಇಳಿಯುತ್ತದೆ. ನಿಮ್ಮ ಹಳೇ ಎಫ್‌ಡಿಗೆ ಬ್ಯಾಂಕು ಹಳೇ ದರವನ್ನೇ ಕೊಡುತ್ತಿರಬೇಕು. ಹಾಗಾಗಿ ಮೊದಲ ಕೆಲವು ತಿಂಗಳು ಬ್ಯಾಂಕಿನ ಲಾಭದ ಅಂತರ ಸಣ್ಣದಾಗುತ್ತದೆ. ಆಮೇಲೆ ಠೇವಣಿ ದರ ಇಳಿದು, ಸಾಲ ಕೇಳುವವರು ಹೆಚ್ಚಿದರೆ ಸರಿಹೋಗುತ್ತದೆ. ಬ್ಯಾಂಕಿನ ಹತ್ತಿರ ಇರುವ ಸರ್ಕಾರಿ ಬಾಂಡುಗಳ ಬೆಲೆ ಏರಿ ಒಂದಿಷ್ಟು ಲಾಭವೂ ಬರುತ್ತದೆ. ಠೇವಣಿ ಇಲ್ಲದೆ ಪೇಟೆಯಿಂದ ಸಾಲ ತಂದು ಸಾಲ ಕೊಡುವ ಹಣಕಾಸು ಕಂಪನಿಗಳಿಗೆ, ಅದರಲ್ಲೂ ನಿಗದಿತ ಬಡ್ಡಿಗೆ ಸಾಲ ಕೊಟ್ಟವರಿಗೆ, ದರ ಇಳಿಕೆಯ ಅನುಕೂಲ ಇನ್ನೂ ನೇರ.

ಮೈಸೂರಿನ ಹಳೇ ಮನೆಗಳಲ್ಲಿ ಬ್ಯಾಂಕ್ ಷೇರು ಗೊತ್ತಿಲ್ಲದೆಯೇ ಜಾಸ್ತಿ ಇರುತ್ತದೆ. 1913ರಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ವಿಲೀನವಾಯಿತು. ಪ್ರತಿ 10 ಷೇರಿಗೆ ಎಸ್‌ಬಿಐನ 22 ಷೇರು ಸಿಕ್ಕಿತು. ತಾತ ಕೊಂಡಿದ್ದು, ಅಪ್ಪ ಇಟ್ಟಿದ್ದು, ಮಗ ಅದರ ಮೇಲೆ ಇನ್ನೆರಡು ಬ್ಯಾಂಕ್ ಷೇರು ಪೇರಿಸಿದ್ದು, ಎಲ್ಲ ಕೂಡಿಸಿದರೆ ಅರ್ಧಕ್ಕಿಂತ ಜಾಸ್ತಿ ಬ್ಯಾಂಕೇ. ಕಾಗದದ ಸರ್ಟಿಫಿಕೇಟು ಇನ್ನೂ ಟ್ರಂಕಿನಲ್ಲಿದ್ದರೆ ಮೊದಲು ಡಿಮ್ಯಾಟ್ ಮಾಡಿಸಿ. ಅದಿಲ್ಲದೆ ಮಾರೋದು ಆಗದ ಮಾತು.

ಸಾಲ ನಿಧಿ, ಅಂದರೆ ಡೆಟ್ ಫಂಡ್ ಇದ್ದವರು ಫಂಡಿನ ಮಾಹಿತಿ ಪತ್ರದಲ್ಲಿ ‘ಮಾಡಿಫೈಡ್ ಡ್ಯುರೇಶನ್’ ಅನ್ನೋ ಸಂಖ್ಯೆ ನೋಡಿ. ಅದು 7 ಇದ್ದರೆ, ಪೇಟೆಯಲ್ಲಿ ಬಡ್ಡಿ ಶೇ 1 ಇಳಿದಾಗ ಫಂಡ್ ಸುಮಾರು ಶೇ 7 ಏರುತ್ತದೆ, ಶೇ 1 ಏರಿದರೆ ಅಷ್ಟೇ ಬೀಳುತ್ತದೆ. ‘ಸರ್ಕಾರಿ ಬಾಂಡು, ಏನೂ ಆಗಲ್ಲ’ ಅಂತ ಗಿಲ್ಟ್ ಫಂಡಿಗೆ ಹಾಕಿದವರು ಈ ಸಂಖ್ಯೆ ನೋಡಿಯೇ ಇರಲ್ಲ.

ಯಾವುದೇ ಒಂದು ವಲಯ ನಿಮ್ಮ ಒಟ್ಟು ಷೇರಿನ ಮೂರನೇ ಒಂದು ಪಾಲು ದಾಟಿದ್ದರೆ ಇಳಿಸುವ ಯೋಜನೆ ಹಾಕಿ. ಇದು ನನ್ನ ಅಳತೆ, ಶಾಸ್ತ್ರ ಅಲ್ಲ. ಆದರೆ ಸಭೆಯ ಹಿಂದಿನ ದಿನವೇ ಎಲ್ಲ ಮುಗಿಸಬೇಕಾಗಿಲ್ಲ. ತೆರಿಗೆ ನೋಡಿಕೊಂಡು ಎರಡು ಮೂರು ಕಂತಿನಲ್ಲಿ ಮಾಡಿ.

ಹೆಜ್ಜೆ 6: ಹಿಂದಿನ ವಾರ ಮಾಡಬಾರದ್ದು

ಫ್ಯೂಚರ್ಸ್, ಆಪ್ಷನ್ಸ್ ಕಡೆ ಹೋಗಬೇಡಿ. 2022ರಿಂದ 2024ರ ತನಕದ ಮೂರು ಆರ್ಥಿಕ ವರ್ಷಗಳ ಲೆಕ್ಕ ತೆಗೆದು ಷೇರು ಪೇಟೆಯ ನಿಯಂತ್ರಕ ಸೆಬಿ ಹೇಳಿದ್ದು ಇದು: ಇದರಲ್ಲಿ ಆಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಪಾಲಿಸಿ ದಿನ ಇದು ಇನ್ನೂ ವಿಚಿತ್ರ. ಸಭೆಗೆ ಮುಂಚೆ ಎಲ್ಲರೂ ಏನೋ ಆಗುತ್ತೆ ಅಂತ ಕಾಯುವುದರಿಂದ ಆಪ್ಷನ್ ಬೆಲೆ ಉಬ್ಬಿರುತ್ತದೆ. 10 ಗಂಟೆ ದಾಟಿ ಉತ್ತರ ಗೊತ್ತಾದ ಕೂಡಲೇ ಆ ಉಬ್ಬು ಇಳಿಯುತ್ತದೆ. ಪೇಟೆ ಯಾವ ಕಡೆ ಹೋಗುತ್ತೆ ಅಂತ ನೀವು ಸರಿಯಾಗಿಯೇ ಊಹಿಸಿದ್ದರೂ ದುಡ್ಡು ಹೋಗಬಹುದು.

ಬ್ರೋಕರ್ ಕೊಡುವ ಸಾಲದಲ್ಲಿ, ಒಡವೆ ಅಡ ಇಟ್ಟು, ಚೀಟಿ ಕೂಗಿ ಷೇರು ಕೊಳ್ಳಬೇಡಿ. ಟೆಲಿಗ್ರಾಂನಲ್ಲಿ ‘ಪಾಲಿಸಿ ಡೇ ಜಾಕ್‌ಪಾಟ್’ ಅಂತ ಕರೆಯುವವರನ್ನು ಸೆಬಿ ನೋಂದಣಿ ಸಂಖ್ಯೆ ಕೇಳಿ. ಸಂಶೋಧನಾ ವಿಶ್ಲೇಷಕರಾದರೆ ಅದು ‘ಐಎನ್‌ಎಚ್’ ಅಂತ, ಹೂಡಿಕೆ ಸಲಹೆಗಾರರಾದರೆ ‘ಐಎನ್‌ಎ’ ಅಂತ ಶುರುವಾಗುತ್ತದೆ. ಕೊಟ್ಟ ಸಂಖ್ಯೆಯನ್ನು ಸೆಬಿ ತಾಣದಲ್ಲಿ ಹೆಸರಿನ ಜೊತೆ ತಾಳೆ ನೋಡಿ, ಕದ್ದ ಸಂಖ್ಯೆ ಹಾಕಿಕೊಳ್ಳುವವರೂ ಇದ್ದಾರೆ. ನಕಲಿ ಟ್ರೇಡಿಂಗ್ ಆ್ಯಪ್‌ಗೆ ಹಣ ಹೋಗಿಬಿಟ್ಟಿದ್ದರೆ ಮರ್ಯಾದೆ ಅಂತ ಮುಚ್ಚಿಡಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೆಜ್ಜೆ 7: ಆ ದಿನ

9.15ಕ್ಕೆ ಪೇಟೆ ತೆರೆಯುತ್ತದೆ. 10ರ ತನಕ ಏನೂ ಮಾಡಬೇಡಿ. 10ಕ್ಕೆ ಗವರ್ನರ್ ಮಾತು ಶುರುವಾದಾಗ ರೆಪೊ ದರ ಅಷ್ಟೇ ಕೇಳಿ ಫೋನ್ ತಿರುಗಿಸಬೇಡಿ, ಉಳಿದದ್ದೂ ಕೇಳಿ. ನಿಲುವು ಬದಲಾಯಿತಾ? ಹೊಂದಾಣಿಕೆ ಅಂದರೆ ಇನ್ನೂ ಇಳಿಸಲು ಮನಸ್ಸಿದೆ, ತಟಸ್ಥ ಅಂದರೆ ಯಾವ ಕಡೆಗಾದರೂ ಹೋಗಬಹುದು. 2025ರ ಜೂನ್‌ನಲ್ಲಿ ದೊಡ್ಡ ಕಡಿತ ಕೊಟ್ಟ ದಿನವೇ ನಿಲುವನ್ನು ಹೊಂದಾಣಿಕೆಯಿಂದ ತಟಸ್ಥಕ್ಕೆ ತಂದರು. ಒಂದೇ ಭಾಷಣದಲ್ಲಿ ಸಿಹಿಯೂ ಇತ್ತು, ಎಚ್ಚರಿಕೆಯೂ ಇತ್ತು. ಆರು ಜನರಲ್ಲಿ ಎಷ್ಟು ಮತ ಯಾವ ಕಡೆ ಬಿತ್ತು ನೋಡಿ. ಮುಂದಿನ ತ್ರೈಮಾಸಿಕಗಳ ಹಣದುಬ್ಬರ, ಬೆಳವಣಿಗೆಯ ಅಂದಾಜನ್ನು ಏರಿಸಿದರಾ ಇಳಿಸಿದರಾ ನೋಡಿ. ನಗದು ಮೀಸಲು, ಬ್ಯಾಂಕುಗಳ ಕೈಲಿರುವ ಹಣದ ಬಗ್ಗೆ ಏನಂದರು ಕೇಳಿಸಿಕೊಳ್ಳಿ.

ಮೊದಲ ಹತ್ತು ಹದಿನೈದು ನಿಮಿಷದ ಏರಿಳಿತ ಎಷ್ಟೋ ಸಲ ಮಧ್ಯಾಹ್ನದ ಹೊತ್ತಿಗೆ ತಿರುವು ಮುರುವಾಗುತ್ತದೆ. ಆ ಹೊತ್ತಿನಲ್ಲಿ ಸಣ್ಣ ಕಂಪನಿಗಳ ಷೇರಿನಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಹಿಗ್ಗಿರುತ್ತದೆ. ಅವತ್ತೇ ಏನಾದರೂ ಮಾಡಲೇಬೇಕು ಅಂದರೆ ಸಿಕ್ಕ ಬೆಲೆಗೆ ಆಗಿಬಿಡುವ ಮಾರ್ಕೆಟ್ ಆರ್ಡರ್ ಬೇಡ, ಬೆಲೆ ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ. ಸ್ಟಾಪ್‌ಲಾಸ್ (ಇಷ್ಟಕ್ಕೆ ಇಳಿದರೆ ಮಾರು ಅನ್ನೋ ಆರ್ಡರ್) ಇಟ್ಟಿದ್ದೇನೆ ಅಂತ ಪೂರ್ತಿ ನೆಮ್ಮದಿಯಾಗಿ ಇರಬೇಡಿ. ಬೆಲೆ ಹಾರಿ ಕೆಳಗೆ ಬಿದ್ದರೆ ನೀವು ಹೇಳಿದ ಬೆಲೆಗೆ ಮಾರಾಟ ಆಗದೇ ಇರಬಹುದು. ಮಾರಿದ ಹಣ ಮಾರನೇ ವ್ಯವಹಾರದ ದಿನ ಖಾತೆಗೆ ಬರುತ್ತದೆ. ಶುಕ್ರವಾರ ಮಾರಿ ಶನಿವಾರ ಫೀಸು ಕಟ್ಟುತ್ತೇನೆ ಅಂದರೆ ಆಗಲ್ಲ.

ನನ್ನನ್ನು ಕೇಳಿದರೆ, ಅವತ್ತು ಟಿವಿ ಆಫ್ ಮಾಡಿ ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ಆಮೇಲೆ ಆರ್‌ಬಿಐ ತಾಣದಲ್ಲಿ ಗವರ್ನರ್ ಹೇಳಿಕೆ ಓದಿ. ಪ್ಯಾನೆಲ್ ಚರ್ಚೆಗಿಂತ ಅದೇ ಸ್ಪಷ್ಟ.

ಹೆಜ್ಜೆ 8: ಆಮೇಲಿನ ಕೆಲಸ

ಸಭೆ ಮುಗಿದ 14ನೇ ದಿನ ಅದರ ನಡಾವಳಿ ಹೊರಬರುತ್ತದೆ. ಆರು ಸದಸ್ಯರೂ ಯಾಕೆ ಹಾಗೆ ಮತ ಹಾಕಿದೆವು ಅಂತ ಬರೆದಿರುತ್ತಾರೆ. ಭಿನ್ನ ಮತ ಹಾಕಿದವರ ಟಿಪ್ಪಣಿ ಮೊದಲು ಓದಿ. ಮುಂದಿನ ಸಭೆಯಲ್ಲಿ ಗಾಳಿ ಎತ್ತ ಬೀಸಬಹುದು ಅನ್ನೋ ಸುಳಿವು ಅಲ್ಲಿ ಸಿಗುತ್ತದೆ.

ಹೆಜ್ಜೆ 2ರಲ್ಲಿ ಬರೆದಿಟ್ಟ ಎರಡು ಮೊತ್ತದ ಪಕ್ಕ ಅವತ್ತು ನಿಜವಾಗಿ ಎಷ್ಟು ಏರುಪೇರಾಯಿತು ಬರೆಯಿರಿ. ಮೂರು ನಾಲ್ಕು ಸಭೆ ಹೀಗೆ ಬರೆದರೆ ಯಾವ ಅಲುಗಾಟಕ್ಕೆ ನಿಮಗೆ ನಿದ್ದೆ ಕೆಡುತ್ತದೆ ಅನ್ನೋದು ನಿಮಗೇ ಗೊತ್ತಾಗುತ್ತದೆ. ಷೇರಿನ ಪ್ರಮಾಣ ಎಷ್ಟಿರಬೇಕು ಅಂತ ಆಗ ಬೇರೆಯವರನ್ನು ಕೇಳಬೇಕಾಗಲ್ಲ.

ದರ ಇಳಿದಿದ್ದರೆ ಸಾಲದ ಖಾತೆಯ ಮೇಲೆ ಕಣ್ಣಿಡಿ. ಮೂರು ತಿಂಗಳಾದರೂ ರೆಪೊಗೆ ಅಂಟಿಕೊಂಡ ನಿಮ್ಮ ಸಾಲದ ಬಡ್ಡಿ ಬದಲಾಗದಿದ್ದರೆ ಶಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಎಂಐ ಇಳಿಸಬೇಕೋ ಅವಧಿ ಇಳಿಸಬೇಕೋ ಅನ್ನೋದನ್ನೂ ಅದರಲ್ಲೇ ಬರೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ಸ್ವೀಕೃತಿಯ ಪ್ರತಿ ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟ್ ಜೊತೆಗೆ ಲಗತ್ತಿಸಿ.